ಎರಡು ಬೆರಳಿನ ಬ್ರೇಕು

ನಮ್ಮ ಮಾವನವರು ತಮ್ಮ ಫಟಫಟಿಯನ್ನು ನನಗೆ ಕೊಟ್ಟ ದಿನ ಅವರ ಇಳಕಲ್ಲಿನ ಓಣಿಗೆ ಓಣಿಯೇ ಬೆರಗಾಯಿತು. ನನಗಂತೂ ಸಂಶಯವೇ ಬಂತು. ಮಗಳನ್ನು ಕೊಡುವಾಗ ಒಂದೇ ಮಾತಿಗೆ ಒಪ್ಪಿದ ಮನುಷ್ಯ, ಆ ಮೋಟಾರ್ ಸೈಕಲ್ಲನ್ನು ಮಾತ್ರ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ನನ್ನ ಕೈಗೆ ಕೊಟ್ಟಿರಲಿಲ್ಲ. ಒರೆಸಲಿಕ್ಕೂ ಬಿಟ್ಟವರಲ್ಲ. ನೇಕಾರರ ಮನೆಗಳಿಗೆ ನೂಲು ಮುಟ್ಟಿಸಿ, ನೇಯ್ದ ಸೀರೆ ತಂದು, ಗಂಟು ಕಟ್ಟಿ ಹುನಗುಂದ, ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಹಾಕುವುದು ಅವರ ಉದ್ಯೋಗ. ಆ ಗಂಟುಗಳನ್ನೆಲ್ಲ ಹೊತ್ತು ತಿರುಗಿದ್ದು ಇದೇ ಗಾಡಿ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿದು. ಕರಿ ಬಣ್ಣ, ಟ್ಯಾಂಕಿನ ಮೇಲೆ ಕೈಯಿಂದ ಎಳೆದ ಬಂಗಾರದ ಗೆರೆ. ಅದರ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅತ್ತೆಯವರು ಪಲ್ಯ ಬಿಸಿಗಿಡುತ್ತಿದ್ದರು.

ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಈಗಿನ ರಸ್ತಾದಾಗ ಮರ್ಯಾದಸ್ತರು ಗಾಡಿ ಹೊಡಿಯೂ ಹಂಗಿಲ್ಲ ಅಳಿಯಾರ. ನೀವ ಒಯ್ರಿ. ನಿಮಗ ಮಷೀನಿನ ಹುಚ್ಚು ಐತಿ."

ಹುಚ್ಚು ಇರುವುದು ಖರೆ. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ. ಕೆಟ್ಟದ್ದು ಕಂಡರೆ ಬಿಚ್ಚುತ್ತೇನೆ, ನೆಟ್ಟಗಿದ್ದದ್ದು ಕಂಡರೂ ಬಿಚ್ಚುತ್ತೇನೆ. ನನ್ನ ಹೆಂಡತಿ ಮಿಕ್ಸರನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಇಡುತ್ತಾಳೆ. ಆದರೆ ಮಾವನವರ ಆ ಮರ್ಯಾದಸ್ತರ ಮಾತನ್ನು ಮಾತ್ರ ನಾನು ನಂಬಲಿಲ್ಲ.

ಅದೇ ಮಧ್ಯಾಹ್ನ ಊಟಕ್ಕೆ ಕೂತಾಗ ಗುಟ್ಟು ಗೊತ್ತಾಯಿತು. ಮಾವನವರು ಕಡಕ್ ರೊಟ್ಟಿಯ ಮನುಷ್ಯ. ಒಣಗಿ ಹಪ್ಪಳದಂತಾದ ಜೋಳದ ರೊಟ್ಟಿಯನ್ನು ಒಂದೇ ಕೈಯಲ್ಲಿ ಟಕ್ಕನೆ ಮುರಿದು ಪಲ್ಯಕ್ಕೆ ಹಚ್ಚುವವರು. ಅವತ್ತು ರೊಟ್ಟಿಯನ್ನು ತಾಟಿನ ಅಂಚಿಗೆ ಆನಿಸಿ, ಎಡಗೈ ಮುಷ್ಟಿಯಿಂದ ಮೆಲ್ಲಗೆ ಗುದ್ದಿ ಮುರಿದರು. ಮುರಿದು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದರು. ನಾನು ಶೇಂಗಾ ಚಟ್ನಿಯಲ್ಲಿ ಭಾರೀ ಮಗ್ನನಾದವನಂತೆ ತಲೆ ಬಗ್ಗಿಸಿದೆ. ಹಿಂದಿನ ವರ್ಷ ಬಚ್ಚಲಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಎಲುಬು ಕೂಡಿತ್ತು, ಹಿಡಿತ ಬಂದಿರಲಿಲ್ಲ. ಆ ಗಾಡಿಯ ಮುಂದಿನದು ಹಳೆಯ ಡ್ರಮ್ ಬ್ರೇಕು. ನಾಲ್ಕೂ ಬೆರಳು ಸೇರಿಸಿ ಹಲ್ಲು ಕಚ್ಚಿ ಹಿಚುಕಬೇಕು, ಆಮೇಲೆ ಅದಕ್ಕೆ ಮನಸ್ಸು ಬಂದರೆ ನಿಲ್ಲುತ್ತದೆ. ಸೋತ ಕೈಯಲ್ಲಿ ಅದು ಆಗದ ಮಾತು. ಕೈ ಸೋತದ್ದಕ್ಕೆ ಗಾಡಿ ಕೊಟ್ಟಿದ್ದರು. ಅತ್ತೆಯವರಿಗೂ ಅದನ್ನು ಹೇಳಿರಲಿಲ್ಲ.

ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಅಳಿಯ ಮಾವಂದಿರ ನಮ್ಮ ರೀತಿ ಗೊತ್ತಿಲ್ಲದವರು ಮಾತ್ರ ಹಾಗನ್ನುತ್ತಾರೆ. ಮಾವನಾದವನು ಅಳಿಯನನ್ನು ಬೈಯಬಾರದು, ಅಳಿಯ ಮಾವನ ಕುಂದು ಎತ್ತಿ ಆಡಬಾರದು. "ಬರ್ರಿ", "ಕುಂದರ್ರಿ", "ನಿಮ್ಮ ಕಡೆ ಮಳಿ ಹೆಂಗ್ರಿ" ಇಷ್ಟರಲ್ಲೇ ನಾವಿಬ್ಬರೂ ಇಪ್ಪತ್ತೈದು ವರ್ಷ ಕಳೆದಿದ್ದೆವು. ನನ್ನ ಅಪ್ಪ ನಾನು ಸಾಲಿಗೆ ಹೋಗುವ ಮೊದಲೇ ತೀರಿಕೊಂಡವನು. ಮಾವನವರ ಮೇಲೆ ನನಗೆ ಜೀವ. ಆದರೆ ಅದನ್ನು ಅವರಿಗೆ ಹೇಳುವ ಬಾಯಿ ನನಗೆಲ್ಲಿತ್ತು? ಗಾಡಿಗೆ ಎರಡು ಬೆರಳಿನಲ್ಲಿ ನಿಲ್ಲುವ ಬ್ರೇಕು ಹಾಕಿಸುತ್ತೇನೆ, ಅವರು ಮತ್ತೆ ಅದನ್ನು ಹೊಡೆಯುವಂತೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಅದೇ ನಾನು ಮಾಡಿದ ಶಾಣ್ಯಾತನ.

ಬಾಗಲಕೋಟೆಯ ಹಳೇ ಊರಿಗೆ ಅಣೆಕಟ್ಟೆಯ ಹಿನ್ನೀರು ಬಂದಾಗ ತನ್ನ ಗ್ಯಾರೇಜು ಹೊತ್ತು ನವನಗರಕ್ಕೆ ಬಂದ ಮೇಸ್ತ್ರಿಯೊಬ್ಬನಿದ್ದಾನೆ. ಹಳೆ ಗಾಡಿಗಳ ವಿಷಯದಲ್ಲಿ ಅವನ ಮಾತೇ ಕೊನೆ. ನನ್ನ ಯೋಜನೆ ಕೇಳಿ ಬೀಡಿ ಕೆಳಗಿಟ್ಟ.

"ಅಜ್ಜಗ ಜೀನ್ಸ್ ಪ್ಯಾಂಟ್ ತೊಡಸ್ತೀರೇನ್ರಿ ಸರ?"

"ತೊಡಸ್ತೇನಿ. ನಿನಗ ಹೊಲಿಯಾಕ ಬರತೈತೋ ಇಲ್ಲೋ ಅಷ್ಟ ಹೇಳು."

ಸವಾಲು ಹಾಕಿದರೆ ಅವನು ಬಿಡುವ ಕುಳವಲ್ಲ. ಹಿಂದಿನಿಂದ ಲಾರಿ ಗುದ್ದಿ ನುಜ್ಜುಗುಜ್ಜಾದ ಹೊಸ ಗಾಡಿಯೊಂದರ ಮುಂಭಾಗ ಗುಜರಿಯಲ್ಲಿ ಸಿಕ್ಕಿತು. ಮುಂಚಕ್ರ ಹಿಡಿಯುವ ದಪ್ಪ ಕೊಳವೆಯ ಫೋರ್ಕ್, ಚಕ್ರ, ಡಿಸ್ಕ್ ಬ್ರೇಕು ಎಲ್ಲ ಇತ್ತು, ಗೀರು ಕೂಡ ಬಿದ್ದಿರಲಿಲ್ಲ. ಆದರೆ ಹಳೆಯ ಗಾಡಿಯ ಕುತ್ತಿಗೆ ಉದ್ದ, ಹೊಸ ಫೋರ್ಕನ್ನು ಅದರೊಳಗೆ ಹಿಡಿದು ನಿಲ್ಲಿಸುವ ಕಂಬ ಗಿಡ್ಡ. ಲೇತ್‌ನವನ ಹತ್ತಿರ ಹೋಗಿ ಉದ್ದ ಕಂಬ ಕಡೆಸಿದೆವು. ಅದು ಕೂತರೆ ಬೇರಿಂಗು ಕೂರಲಿಲ್ಲ. ಬೇರಿಂಗು ಕೂತಿತು ಅನ್ನುವಷ್ಟರಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಫೋರ್ಕ್ ಹೋಗಿ ಟ್ಯಾಂಕಿಗೆ ಬಡಿದು, ಬಂಗಾರದ ಗೆರೆಯ ಮೇಲೆ ಒಂದು ತಗ್ಗು ಬಿತ್ತು. ನಾನು ನಟ್ಟು ಬಿಗಿಯುವ ಪಾನಾ ಬೀಸಿ ಒಗೆದೆ. ಮೇಸ್ತ್ರಿ ಅದನ್ನು ಹೆಕ್ಕಿ ತಂದು ನನ್ನ ಕೈಗೇ ಕೊಟ್ಟು, "ಸಿಟ್ಟು ಸರದಾರಂದು, ಕೆಲಸ ಪಾನಾದ್ದು. ಬರ್ರಿ, ಹಿಡೀರಿ" ಅಂದ. ಎರಡು ತಿಂಗಳ ರವಿವಾರಗಳು ಅಲ್ಲೇ ಕಳೆದವು. ಹಳೇ ಗಾಡಿಯ ಮೈಗೆ ಗರಗಸ ತಾಗಿಸಲು ನಾನು ಬಿಡಲಿಲ್ಲ. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಎಣ್ಣೆ ಹಚ್ಚಿ ಗೋಣಿಚೀಲದಲ್ಲಿ ಕಟ್ಟಿಟ್ಟೆ. ಹಳೆಯ ಹೆಡ್‌ಲೈಟನ್ನೇ ಮತ್ತೆ ಕೂರಿಸಿದೆವು, ಮುಖ ಮೊದಲಿನದೇ ಇರಲಿ ಅಂತ.

ಹೊಡೆದು ನೋಡಲು ರಾಮಥಾಳದ ಕಡೆ ಹೋದೆ. ರೂಢಿ ಬಿಡುತ್ತದೆಯೇ? ಬ್ರೇಕನ್ನು ನಾಲ್ಕೂ ಬೆರಳಿನಿಂದ ಹಿಡಿದೆ. ಗಾಡಿ ಗಪ್ಪನೆ ನಿಂತಿತು, ನಾನು ಮಾತ್ರ ಟ್ಯಾಂಕಿನ ಮೇಲೆ ಹೊಟ್ಟೆ ಹೊಡೆದುಕೊಂಡು ನಿಂತೆ. ಎರಡನೇ ಸಲ ಎರಡೇ ಬೆರಳು ಇಟ್ಟೆ. ಬೆಣ್ಣೆಯ ಹಾಗೆ ನಿಂತಿತು. ನಡುರಸ್ತೆಯಲ್ಲಿ ಒಬ್ಬನೇ ನಕ್ಕೆ.

ಮರು ರವಿವಾರ ಅದನ್ನು ಹೊಡೆದುಕೊಂಡು ಇಳಕಲ್ಲಿಗೆ ಹೋದೆ. ಸದ್ದು ಕೇಳಿ ಮಾವನವರು ಹೊರಗೆ ಬಂದರು. ಮುಖ ಅರಳಿದ್ದು ನಾನು ಕಣ್ಣಾರೆ ಕಂಡೆ. ಗಾಡಿಯ ಮುಂಭಾಗ ಕಂಡಿದ್ದೇ ತಡ, ಆ ಮುಖ ಮುದುಡಿತು. ಒಂದು ಸುತ್ತು ಸುತ್ತಿದರು. ಟ್ಯಾಂಕಿನ ಮೇಲಿನ ತಗ್ಗಿನ ಮೇಲೆ ಬೆರಳಿಟ್ಟರು. ಆಮೇಲೆ ಅಂಗಳದ ಬೇವಿನ ಗಿಡದ ಕಡೆ ತಿರುಗಿ, ಅದಕ್ಕೇ ಹೇಳುವವರಂತೆ, "ಕೆಲವರಿಗೆ ಕೊಟ್ಟದ್ದು ಮನಸ್ಸಿಗೆ ಬರೂದಿಲ್ಲ ನೋಡಪಾ. ಕುತಗಿ ಕೊಯ್ದು ಬ್ಯಾರೇ ತಲಿ ಹಚ್ಚತಾರ" ಎಂದರು.

ಬೇವಿನ ಗಿಡಕ್ಕೆ ಏನು, ಸುಮ್ಮನೆ ನಿಂತಿತು. ನನಗೆ ನಿಲ್ಲಲಾಗಲಿಲ್ಲ. ನಾನೂ ಅದೇ ಗಿಡಕ್ಕೆ ಹೇಳಿದೆ: "ಮಾಡಿದವರ ಮನಸ್ಸಿನ್ಯಾಗ ಏನಿತ್ತು ಅಂತ ಒಂದ ಮಾತ ಕೇಳೂದು ಬ್ಯಾಡೇನು?"

ಅತ್ತೆಯವರು ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದುಕೊಂಡು ನಿಂತುಬಿಟ್ಟರು. ತಾಟು ಹಾಕಿದ್ದರು, ಹೋಳಿಗೆ ಮಾಡಿದ್ದರು. ಅಳಿಯ ಉಣ್ಣದೆ ಹೋಗುವುದೆಂದರೆ ನಮ್ಮ ಕಡೆ ಮನೆಗೆ ಕಲ್ಲು ಒಗೆದಂತೆ. ಅದು ಗೊತ್ತಿದ್ದೂ ನಾನು ಗಾಡಿಯನ್ನು ಅಲ್ಲೇ ಬಿಟ್ಟು, ಬೀಗದಕೈಯನ್ನು ಕಟ್ಟೆಯ ಮೇಲಿಟ್ಟು, ಬಸ್ ಹತ್ತಿದೆ. ಬಾಗಲಕೋಟೆ ಬರುವತನಕ ಹೊಟ್ಟೆಯಲ್ಲಿ ಹಸಿವು, ಸಿಟ್ಟು ಎರಡೂ ಉರಿಯುತ್ತಿದ್ದವು. ಹೋಳಿಗೆ ಬಿಟ್ಟು ಬಂದ ಸಂಕಟ ಬೇರೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿಯ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು, ಮರುಕ್ಷಣ ನನ್ನ ಮೇಲೆ ಹರಿಹಾಯ್ದಳು.

"ಮೊದಲ ಹೇಳಬೇಕಿಲ್ಲೇನ್ರಿ ಅಪ್ಪಗ?"

"ಏನಂತ ಹೇಳ್ಲಿ? ಮಾವಾರ, ನಿಮ್ಮ ಕೈ ಸತ್ತೈತಿ, ಅದಕ್ಕ ಮಾಡೇನಿ ಅಂತ ಹೇಳ್ಲೇನು?"

"ಅಯ್ಯ, ಇಬ್ಬರಿಗೂ ಮರ್ಯಾದಿ ಹೆಚ್ಚಾಗೇತಿ. ಅದನ್ನ ಹಚಗೊಂಡು ಉಣ್ರಿ."

ಅಪ್ಪನಿಗೆ ನಾನೇ ಹೇಳುತ್ತೇನೆ ಎಂದು ಫೋನ್ ಎತ್ತಿಕೊಂಡಳು. ಬೇಡವೆಂದು ಆಣೆ ಹಾಕಿದೆ. ಅವರ ಗುಟ್ಟು ಅವರದು, ಅದನ್ನು ಫೋನಿನಲ್ಲಿ ಒಡೆಯುವುದು ನನಗೆ ಸರಿ ಕಾಣಲಿಲ್ಲ. ಹೀಗೆ ಒಂದು ತಿಂಗಳು ಕಳೆಯಿತು. ನಾನು ಹೋಗಲಿಲ್ಲ, ಅವರು ಕರೆಯಲಿಲ್ಲ. ಪ್ರಯೋಗಶಾಲೆಯಲ್ಲಿ ಹುಡುಗರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಎರಡು ತಿಂಗಳ ಕಷ್ಟ ಹಾಳಾದದ್ದಕ್ಕೆ ಅಷ್ಟು ಬೇಸರವಿರಲಿಲ್ಲ. ಅವರು ಇನ್ನು ಯಾವತ್ತೂ ಗಾಡಿ ಹತ್ತುವುದಿಲ್ಲ, ಹತ್ತದಂತೆ ಮಾಡಿದವನು ನಾನೇ ಎಂಬುದು ಎದೆಯಲ್ಲಿ ಕುಟುಕುತ್ತಿತ್ತು.

ಒಂದು ಸಂಜೆ ಅತ್ತೆಯವರು ಮಗಳಿಗೆ ಫೋನ್ ಮಾಡಿದರು. ದನಿ ಎಷ್ಟು ದೊಡ್ಡದೆಂದರೆ ನನಗೂ ಕೇಳಿಸಿತು. "ನಿಮ್ಮಪ್ಪಾರು ದಿನಾ ಮುಂಜಾನಿ ಎದ್ದು ಆ ಗಾಡಿ ಮ್ಯಾಲ ಕುಂದರತಾರವಾ. ಹೊರಗ ಒಯ್ಯೂದಿಲ್ಲ. ಬ್ರೇಕ್ ಒತ್ತತಾರ, ಬಿಡತಾರ, ಮತ್ತ ಒತ್ತತಾರ. ನನಗ ಅಂಜಿಕಿ ಬಂದೈತಿ. ಅಳಿಯಾರ್ನ ಕಳಸು."

ಸಿಟ್ಟೆಲ್ಲ ಎಲ್ಲಿ ಹೋಯಿತೋ! ಮರುದಿನ ಮೊದಲನೇ ಬಸ್ಸಿಗೇ ಹೊರಟೆ.

ಮಾವನವರು ಅಂಗಳದಲ್ಲಿ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಕುತ್ತಿಗೆಯಲ್ಲಿ ಹಳೆಯ ಕಬ್ಬಿಣ ಮುಗಿದು ಹೊಸದು ಶುರುವಾಗುವ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆ ಕೊಳ್ಳುವಾಗ ಮಾವನವರು ಬಣ್ಣ ನೋಡುತ್ತಿರಲಿಲ್ಲ, ಮೊದಲು ಕೊಂಡಿಯ ಮೇಲೆ ಹೀಗೇ ಹೆಬ್ಬೆರಳು ಆಡಿಸುತ್ತಿದ್ದರು.

"ಕೊಂಡಿ ಯಾರು ಹಾಕ್ಯಾರ?" ತಲೆಯೆತ್ತದೆ ಕೇಳಿದರು. ಗಿಡವನ್ನಲ್ಲ, ನನ್ನನ್ನೇ.

"ಬಾಗಲಕೋಟಿ ಮೇಸ್ತ್ರಿ ರೀ. ಹಳೇ ಸಾಮಾನೆಲ್ಲಾ ಕಟ್ಟಿಟ್ಟೇನ್ರಿ, ಒಂದೂ ಕೊಯ್ದಿಲ್ಲ. ನೀವು ಅಂದ್ರ ನಾಳೇನ ಮೊದಲಿನಂಗ ಮಾಡಿಸ್ತೇನಿ."

"ಯಾಕ? ಗಟ್ಟಿ ಐತಿ." ಎದ್ದು ಧೋತರ ಕೊಡವಿಕೊಂಡರು. "ನಡ್ರಿ, ಹಿಂದ ಕುಂದರ್ರಿ."

ಅತ್ತೆಯವರು "ಬ್ಯಾಡ್ರೀ" ಎಂದು ಕೂಗುವಷ್ಟರಲ್ಲಿ ಅವರು ಕಿಕ್ ಹೊಡೆದಾಗಿತ್ತು. ಕಾಲು ಇನ್ನೂ ಗಟ್ಟಿಯಿತ್ತು. ಹುನಗುಂದದ ಹಳೇ ರಸ್ತೆ ಹಿಡಿದರು. ಮೊದಲು ನಿಧಾನ, ಆಮೇಲೆ ಸ್ವಲ್ಪ ಜೋರು. ಮೊದಲೆಲ್ಲ ಬೆನ್ನೆಲುಬು ಕೀಳುತ್ತಿದ್ದ ತಗ್ಗುಗಳನ್ನು ಹೊಸ ಫೋರ್ಕ್ ನುಂಗಿಕೊಳ್ಳುತ್ತಿತ್ತು. ನನ್ನ ಕಣ್ಣು ಮಾತ್ರ ಅವರ ಬಲಗೈ ಬಿಟ್ಟು ಅಲ್ಲಾಡಲಿಲ್ಲ. ನಾನು ಹಿಂದೆ ಕೂತು ಜೀವ ಹಿಡಿದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ.

ಒಂದು ತಿರುವಿನಲ್ಲಿ ಜೋಳದ ಹೊಲದಿಂದ ಕುರಿಯ ಹಿಂಡು ದಡದಡನೆ ರಸ್ತೆಗೆ ಇಳಿಯಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಗಾಡಿ ನಿಂತಿತ್ತು. ಮುಂದಿನ ಚಕ್ರಕ್ಕೂ ಒಂದು ಟಗರಿಗೂ ನಡುವೆ ಒಂದು ಮೊಳ ಜಾಗ. ಬ್ರೇಕಿನ ಮೇಲೆ ಅವರ ಎರಡು ಬೆರಳು.

ಮಾವನವರು ಇಂಜಿನ್ ಆರಿಸಿದರು. ಕುರಿಗಳು ಅಕ್ಕಪಕ್ಕ ಹಾಯ್ದು ಹೋಗುತ್ತಿದ್ದವು. ಹಿಂದೆ ತಿರುಗದೆ ಕೇಳಿದರು: "ಅವತ್ತ ನಾ ರೊಟ್ಟಿ ಮುರಿಯೂದು ನೋಡಿದ್ರೇನು?"

"ಹೂಂ ರಿ."

"ನನಗ ಒಂದ ಮಾತ ಹೇಳಬಾರದೇನು?"

"ಹೆಂಗ ಹೇಳ್ಲಿ ಮಾವಾರ?"

"ಅದೂ ಖರೆ." ಬ್ರೇಕಿನ ಮೇಲಿನ ಬೆರಳು ತೆಗೆದು ಅಂಗೈ ನೋಡಿಕೊಂಡರು. "ಕೈ ಹ್ವಾತು, ಗಾಡಿ ಹ್ವಾತು, ಇನ್ನೇನು ಕಟ್ಟಿ ಮ್ಯಾಲ ಕುಂತು ಹೋಗಬರವರ್ನ ಮಾತಾಡ್ಸೂದು ಅಂತ ತಿಳದಿದ್ದೆ. ನಿನ್ನ ಸುಳ್ಳ ಬೈದ್ನೆಪಾ."

ಅವರ ಬೆನ್ನು ಅಲುಗುತ್ತಿತ್ತು. ಅಲ್ಲಿಯತನಕ ಮುಟ್ಟದಿದ್ದ ಆ ಹೆಗಲಿನ ಮೇಲೆ ಕೈಯಿಟ್ಟೆ. ಅವರು ಬೇಡವೆನ್ನಲಿಲ್ಲ. ರುಮಾಲಿನ ಅಂಚಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಇಳಿಯಪಾ."

ಇಳಿದೆ. ಕಿಕ್ ಹೊಡೆದರು. ಕೊನೆಯ ಕುರಿ ದಾಟುವವರೆಗೆ ಕಾದರು, ನನ್ನ ಕಡೆ ಒಮ್ಮೆ ನೋಡಿದರು, ಹುನಗುಂದದ ಕಡೆ ಒಬ್ಬರೇ ಹೊರಟೇ ಹೋದರು. ಧೋತರದ ಅಂಚು ಗಾಳಿಗೆ ಹಾರುತ್ತಿತ್ತು. ನಾನು ಬಿಸಿಲಲ್ಲೇ ನಿಂತೆ. ಅಳು ನಗು ಎರಡೂ ಒಟ್ಟಿಗೆ ಬಂದವು, ಯಾವುದನ್ನೂ ತಡೆಯಲಿಲ್ಲ.

ಕುರಿ ಕಾಯುವವನು ಕಂಬಳಿ ಹೆಗಲಿಗೇರಿಸಿಕೊಂಡು ಹತ್ತಿರ ಬಂದ. "ಏನ್ರಿ, ಅಜ್ಜಾರು ನಿಮ್ಮನ್ನ ಇಲ್ಲೇ ಬಿಟ್ಟು ಹ್ವಾದ್ರಲ್ರಿ! ಗಾಡಿ ಯಾರದ್ರಿ?"

"ಅವರದ" ಎಂದೆ.