ಗುಲ್ಬರ್ಗಾ ಹಿಡಿಯುತ್ತಿದ್ದ ರೇಡಿಯೋ

"ನಂಗೇನ್ ತಿಳೀತದ ಹೇಳ್ರಿ? ಅವರಿದ್ದಾಗ... ಇದ್ದಾಗ ಅಂದ್ರ, ಈಗೂ ಅದಾರ, ಮಾತಾಡ್ತಿದ್ದಾಗ, ಒಂದು ಸೇರು ಜೋಳ ತರೋದಿದ್ರೂ ತಾವೇ ಅಂಗೈಯಾಗ ಹಾಕ್ಕೊಂಡು ನೋಡಿ ತರೋರು. ನಾ ರೊಟ್ಟಿ ಬಡಿಯಾಕಿ ಅಷ್ಟ. ಆ ರೇಡಿಯೋ ನಾಶಿಕದಾಗ ತಗೊಂಡಾಗ ನನ್ನ ಕೇಳಿದ್ರೇನು? ಈ ಊರಿಗಿ ಬರಬೇಕಾದ್ರ ಎಸ್.ಟಿ. ಬಸ್ಸಿನಾಗ ತೊಡಿ ಮ್ಯಾಲ ಕೂಸಿನಂಗ ಇಟ್ಕೊಂಡು ಕೂತ್ರು. ಯೇವಲಾದಾಗ ಬಸ್ಸು ನಿಂತ್ರ ಚಾ ಕುಡ್ಯಾಕ ಸುದಾ ಇಳೀಲಿಲ್ಲ. ಖರೇ ಕೂಸು ನನ್ನ ಕಂಕುಳಾಗ ಅಳಾಕತ್ತಿತ್ತು, ಅದರ ಕಡಿ ತಿರುಗಿ ನೋಡ್ಲಿಲ್ಲ. ಅಂಥಾ ರೇಡಿಯೋ ಇಡಬೇಕೋ ಕೊಡಬೇಕೋ ಅಂತ ಈಗ ನನ್ನ ಕೇಳ್ತಾನ, ಆ ಕೂಸೇ! ಅವರ ಮಾರಿ ನೋಡಿದ್ರ ಮಾರಿ ಏನೂ ಹೇಳಂಗಿಲ್ಲ. ನಾ ಯಾರನ್ನ ಕೇಳ್ಲಿ?"

ಮೊರದಲ್ಲಿ ಕಾಳು ಆರಿಸುತ್ತ ಈರಮ್ಮ ಈ ಮಾತನ್ನು ಓಣಿಯ ಹೆಂಗಸರ ಮುಂದೆ ಎಷ್ಟು ಸಲ ಹೇಳಿದರೋ. ಎಲ್ಲರೂ ತಲೆಯಾಡಿಸಿದರು, ಎದ್ದು ಹೋದರು.

ಅವರ ಗಂಡ ಗುರುಲಿಂಗಪ್ಪ ಹುಮನಾಬಾದ್ ಕಡೆಯವರು. ಮೊದಲು ನಾಶಿಕದಲ್ಲಿ, ಆಮೇಲೆ ಔರಂಗಾಬಾದಿನ ಶಹಾಗಂಜಿನಲ್ಲಿ ಕಾಳುಕಡಿಯ ದಲಾಲಿ ಮಾಡುವ ಅಡತ ಅಂಗಡಿಯ ಗುಮಾಸ್ತರಾಗಿದ್ದರು. ಹೋದ ವರ್ಷ ಲಕ್ವಾ ಹೊಡೆದು ಬಲಗಡೆಯ ಮೈಯೂ ನಾಲಗೆಯೂ ಒಟ್ಟಿಗೆ ಹೋದವು. ಹಗಲೆಲ್ಲ ಪಡಸಾಲೆಯಲ್ಲಿ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಮುಸ್ಸಂಜೆ ರೇಡಿಯೋದಲ್ಲಿ ಗುಲ್ಬರ್ಗಾ ಸ್ಟೇಶನ್ ಬಂದು ತೊಗರಿ, ಜೋಳದ ಪೇಟೆ ಧಾರಣೆ ಹೇಳತೊಡಗಿದರೆ ಮಾತ್ರ ಅವರ ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದರು. ಆ ಹೊತ್ತಿಗೆ ಈರಮ್ಮನಿಗೆ ಗಂಡ ಮನೆಯಲ್ಲಿದ್ದಾರೆ ಅನ್ನಿಸುತ್ತಿತ್ತು.

ಅಷ್ಟು ದೂರದ ಗುಲ್ಬರ್ಗಾ ಸುಮ್ಮನೆ ಬರುತ್ತಿರಲಿಲ್ಲ. ರೇಡಿಯೋದ ಒಂದು ತಂತಿ ಮಾಳಿಗೆಯ ಮೇಲೆ ನೆಟ್ಟ ಬಿದಿರಿನ ಗಳಕ್ಕೆ ಹೋಗಿತ್ತು. ಇನ್ನೊಂದು ಕಿಟಕಿಯಿಂದ ಇಳಿದು ಅಂಗಳದ ದಾಸವಾಳದ ಬುಡದಲ್ಲಿ ಹೂತಿತ್ತು. "ಬುಡ ಹಸಿ ಇರಬೇಕು ನೋಡು, ಅಂದ್ರನ ಗುಲ್ಬರ್ಗಾ ಸಾಫ್ ಬರ್ತದ" ಎಂದು ಮಾತಿದ್ದ ಕಾಲದಲ್ಲಿ ಗುರುಲಿಂಗಪ್ಪನವರೇ ಹೇಳಿಕೊಟ್ಟಿದ್ದರು. ದಿನಾ ಸಂಜೆ ಈರಮ್ಮ ಒಂದು ಕೊಡ ನೀರು ಅಲ್ಲಿ ಸುರಿಯುವರು. ಹೊರಗೆ ನೀರಿನ ಸಪ್ಪಳವಾದರೆ ಸಾಕು, ಒಳಗೆ ಗಂಡನ ಕಣ್ಣು ರೇಡಿಯೋ ಇಟ್ಟ ಹಲಗೆಯ ಕಡೆ ತಿರುಗುತ್ತಿತ್ತು.

ಈಗೀಗ ಆ ರೇಡಿಯೋದ ದನಿ ನಡುವೆಯೇ ಕುಸಿಯುತ್ತಿತ್ತು. ಪಕ್ಕಕ್ಕೆ ಒಂದು ಏಟು ಹಾಕಿದರೆ ಮತ್ತೆ ಏಳುವುದು. "ಅವ್ವಾ, ಇದು ರೇಡಿಯೋ ಅಲ್ಲ, ಮೊಂಡ ಎತ್ತು. ಹೊಡದ್ರನ ನಡೀತದ" ಎನ್ನುತ್ತಿದ್ದ ಮಗ ವೈಜನಾಥ. ಒಂದು ದಿನ ರಿಪೇರಿ ಅಂಗಡಿಯ ದೇವದಾಸನನ್ನು ಕರೆತಂದ. ಅವನು ಭಾಲ್ಕಿಯವನು. ಹಿಂದಿನ ರಟ್ಟು ಬಿಚ್ಚಿ ಒಳಗೆ ಊದಿ ಹೇಳಿದ:

"ಕಾಕು, ಒಳಗಿನ ಗಾಜಿನ ವಾಲ್ವ್ ಮುದುಕಾಗ್ಯಾವ. ಹೊಸಾವು ಎಲ್ಲೂ ಸಿಗಂಗಿಲ್ಲ. ಇನ್ನ ನಡಿಯೂವಾಗ ಕೊಟ್ರ ಬದಲಿಗಿ ಟ್ರಾನ್ಸಿಸ್ಟರ್ ಕೊಡ್ತೀನಿ. ನಿಂತ ಮ್ಯಾಲ ತಂದ್ರ ಒಲಿಗಿ ಕಟಗಿ ಅಷ್ಟ."

"ಒಲಿಗಾದರೂ ಬರ್ತದಲ್ಲ" ಎಂದು ವೈಜನಾಥ ನಕ್ಕ. ಈರಮ್ಮ ನಗಲಿಲ್ಲ. "ನೀನೇ ಹೇಳವ್ವಾ. ನಾಳೆ ಇದು ನಿಂತ್ರ ಅಪ್ಪಗ ಏನೂ ಇರಂಗಿಲ್ಲ" ಎಂದ ಮಗ.

ಈರಮ್ಮ ಗಂಡನ ತಲೆಯ ಹತ್ತಿರ ಕೂತರು. "ಏನ್ರೀ, ಕೊಡೋದಿದ್ರ ಹೆಬ್ಬಟ್ಟು ಅಲ್ಲಾಡಿಸ್ರಿ." ಹೆಬ್ಬೆರಳು ಅಲ್ಲಾಡಲಿಲ್ಲ. "ಬ್ಯಾಡಂದ್ರ ಅಲ್ಲಾಡಿಸ್ರಿ ಮತ್ತ." ಆಗಲೂ ಇಲ್ಲ. ಹೆಂಡತಿಯನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ ನಗೆಯಿತ್ತೋ, ಇಷ್ಟು ವರ್ಷ ಸಂಸಾರ ಮಾಡಿದಾಕೆಗೂ ತಿಳಿಯಲಿಲ್ಲ.

ಕಡೆಗೆ ಈರಮ್ಮ, "ಗುಲ್ಬರ್ಗಾ ಬರ್ತದೋ ಇಲ್ಲೋ ಒಂದು ಸಂಜಿ ನೋಡೋಣು" ಎಂದರು. ದೇವದಾಸ ಟ್ರಾನ್ಸಿಸ್ಟರ್ ಬಿಟ್ಟುಹೋದ. ಬೇರೆ ಜಾಗವಿಲ್ಲದೆ ವೈಜನಾಥ ಅದನ್ನು ಹಳೆಯ ರೇಡಿಯೋದ ನೆತ್ತಿಯ ಮೇಲೇ ಇಟ್ಟ. ಈರಮ್ಮ ರೂಢಿಯಂತೆ ದಾಸವಾಳಕ್ಕೆ ನೀರು ಹಾಕಿ ಬಂದರು. ಮಗ ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸಿದ. ಗುಲ್ಬರ್ಗಾ ಪಕ್ಕದ ಮನೆಯಿಂದ ಕರೆದಷ್ಟು ಸ್ಪಷ್ಟವಾಗಿ ಬಂತು! ತೊಗರಿ, ಜೋಳ, ಕುಸುಬೆ. ಗುರುಲಿಂಗಪ್ಪನವರ ಹೆಬ್ಬೆರಳು ಓಡಿತು.

"ನೋಡಿದೇನವ್ವಾ? ಹೂಂ ಅನ್ನು."

"ಹೂಂ" ಅಂದರು ಈರಮ್ಮ.

ಮರುದಿನ ಹಳೆಯ ರೇಡಿಯೋ ತಂತಿಗಳ ಸಮೇತ ಹೋಯಿತು. ಗಳ ಕೆಳಗಿಳಿಯಿತು. ಇದನ್ನೇ ಕಾಯುತ್ತಿದ್ದವನಂತೆ ಮನೆಯ ಮಾಲೀಕ ಅದೇ ವಾರ ಸೋರುವ ಮಾಳಿಗೆಗೆ ತಗಡು ಹೊದಿಸಿ, ಇನ್ನು ಮೇಲೆ ಅಲ್ಲಿ ಏನೂ ನೆಡಕೂಡದು ಎಂದ.

ಹಳೆಯದು ಹೋದ ಸಂಜೆಯಿಂದಲೇ ಟ್ರಾನ್ಸಿಸ್ಟರಿನಲ್ಲಿ ಮರಾಠಿ ಬಂತು, ಹಿಂದಿ ಬಂತು, ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬಂತು. ಗುಲ್ಬರ್ಗಾ ಬರಲಿಲ್ಲ. ಕಿಟಕಿಯಲ್ಲಿಟ್ಟರು, ಅಂಗಳಕ್ಕೆ ಒಯ್ದರು, ಗಂಡನ ದಿಂಬಿನ ಪಕ್ಕ ಇಟ್ಟರು. ದೇವದಾಸ ಬಂದು ನೋಡಿ ತಲೆ ಕೆರೆದುಕೊಂಡ.

"ಆವತ್ತು ಇದು ಹಳೇದರ ಮ್ಯಾಲ ಕೂತಿತ್ತಲ್ಲ ಕಾಕು, ಅದರ ತಂತಿ ಬಲದಿಂದ ಗುಲ್ಬರ್ಗಾ ಹಿಡದದ. ನಂಗೂ ಹೊಳೀಲಿಲ್ಲ ನೋಡ್ರಿ."

"ಹಂಗಾದ್ರ ನಮ್ಮದು ನಮಗ ಕೊಡಪಾ."

"ಎಲ್ಲಿಂದ ಕೊಡ್ಲಿ? ಅದರ ಹೊಟ್ಟಿ ಬಗದು ವಾಲ್ವ್ ಬ್ಯಾರೆಯವರ ರೇಡಿಯೋಕ್ಕ ಹಾಕೀನಿ."

ವೈಜನಾಥ ತಲೆ ಎತ್ತಲಿಲ್ಲ. "ಸಿಟ್ಟಾಗಬ್ಯಾಡವ್ವಾ" ಎಂದ.

"ಯಾರ ಮ್ಯಾಲ ಸಿಟ್ಟಾಗ್ಲಿ? ಹೂಂ ಅಂದಾಕಿ ನಾನು."

ಅಂದಿನಿಂದ ಸಂಜೆಯ ಹೊತ್ತು ಕಠಿಣವಾಯಿತು. ನೀರಿನ ಸಪ್ಪಳಕ್ಕೆ ಗುರುಲಿಂಗಪ್ಪನವರ ಕಣ್ಣು ಹಲಗೆಯ ಕಡೆ ತಿರುಗುತ್ತಿತ್ತು. ದೀಪ ಹಚ್ಚಿ ಅಂಬಲಿ ಕುಡಿಸುವವರೆಗೂ ಅಲ್ಲೇ ನಿಂತಿರುತ್ತಿತ್ತು. ಹೆಬ್ಬೆರಳು ಬೆರಳಿನ ಬುಡದಲ್ಲಿ ತಯಾರಾಗಿ ಕೂತಿರುವುದು. "ಅದು ಹೋಯ್ತುರಿ, ಇನ್ನ ಬರಂಗಿಲ್ಲ" ಎಂದು ಈರಮ್ಮ ಕಿವಿಯ ಹತ್ತಿರ ಹೇಳಿದರು. ಕೇಳಿಸಿತೋ ಇಲ್ಲವೋ. ಮರುದಿನ ಮತ್ತೆ ಅದೇ.

ಹಾಗಾಗಿ ನೀರು ಹಾಕುವುದನ್ನೇ ಬಿಟ್ಟರು. ಚೈತ್ರದ ಬಿಸಿಲು. ದಾಸವಾಳದ ಎಲೆ ಜೋತುಬಿದ್ದವು, ಮೊಗ್ಗು ಉದುರಿದವು. ಒಣಗುತ್ತಿರುವುದನ್ನು ಎಷ್ಟು ದಿನ ಅಂತ ನೋಡುವುದು? ಮಧ್ಯಾಹ್ನ ಹಾಕಿ ನೋಡಿದರು. ಸಪ್ಪಳ ಕೇಳಿ ಮಧ್ಯಾಹ್ನವೂ ಆ ಕಣ್ಣು ತಿರುಗಿತು.

ಮರುದಿನ ಈರಮ್ಮ ಕೊಡ ತುಂಬಿಸಿಕೊಂಡು ಅಂಗಳಕ್ಕೆ ಬಂದರು. ಸೆರಗು ಸಿಕ್ಕಿಸಿ, ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಡದ ಬಾಯಿಯನ್ನು ಮಣ್ಣಿಗೆ ತಾಗುವಷ್ಟು ಬಗ್ಗಿಸಿ, ಸಪ್ಪಳವಾಗದಂತೆ ಸಣ್ಣಗೆ ನೀರು ಬಿಡತೊಡಗಿದರು.