ಕತ್ತಿ ಹಾಕಿದ ದಿನದ ಆಟ

ನಂಜ ಮಾವನ ಎದೆಯ ಮೇಲೆ ಎರಡು ಬಗೆಯ ಗುರುತುಗಳಿದ್ದವು. ಉದ್ದನೆಯ ಗೀರುಗಳು ವಿಜಯದಶಮಿಯ ಮೆರವಣಿಗೆಯಲ್ಲಿ ಕುಲದೇವತೆ ಚೌಡಮ್ಮನಿಗೆಂದು ಕತ್ತಿ ಹಾಕುವಾಗ ತಾನೇ ಹೊಡೆದುಕೊಂಡವು. ದುಂಡನೆಯ ನೀಲಿ ಕಲೆಗಳು ಸ್ಕ್ವಾಷ್ ಚೆಂಡಿನವು. ಮೇಲ್ದುಟಿಯಲ್ಲೂ ಒಂದು ಸೀಳಿತ್ತು, ಇಂಗ್ಲಿಷ್ ದೊರೆಯೊಬ್ಬನ ರ‍್ಯಾಕೆಟ್ ಬಡಿದದ್ದು. ಎಡಕ್ಕೋ ಬಲಕ್ಕೋ ಮರೆತಿದ್ದೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮದರಾಸಿನ ಕಾಲೇಜು ನನಗೆ ಕಲಿಸಿದ್ದು ಅದನ್ನೇ.

ಅಮ್ಮನ ಕೊನೆಯ ತಮ್ಮ ಅವನು. ಪಲ್ಲಡದಲ್ಲಿ ಮಗ್ಗದ ಮುಂದೆ ಕೂತಿದ್ದವನು ಕೊಯಮತ್ತೂರಿನ ದೊರೆಗಳ ಕ್ಲಬ್ಬಿಗೆ ಟೆನಿಸ್ ಬಲೆ ಹೆಣೆಯಲು ಹೋಗಿ ಅಲ್ಲೇ ಸ್ಕ್ವಾಷ್ ಮಾರ್ಕರ್ ಆದ. ಜೊತೆಯಿಲ್ಲದ ದೊರೆಗಳೊಡನೆ ಆಡುವುದು, ಆಡುತ್ತಲೇ ಅಂಕ ಕೂಗುವುದು ಅವನ ಕೆಲಸ. ಊಟಿಯಲ್ಲಿ ಮಾರ್ಕರುಗಳದೇ ಪಂದ್ಯ ನಡೆದಾಗ ಮೂರು ವರ್ಷ ಎಲ್ಲರನ್ನೂ ಬಡಿದು ಹಾಕಿದ. ನಾಲ್ಕು ವರ್ಷ ಎನ್ನುತ್ತಿದ್ದಳು ಅಮ್ಮ. “ಲಾಳಿ ಎಸ್ದ ಕೈ ಇದು, ಮಾಪ್ಳೆ. ಗೋಡೆ ಅಳ್ಬೇಕು,” ಎಂದು ಅಳಿಯನಾದ ನನಗೆ ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದ.

ದೊರೆಗಳ ಎದುರು ಮಾತ್ರ ಸೋಲಲೇಬೇಕು. ಅದಕ್ಕೆ ಅವನದೇ ರೀತಿಯಿತ್ತು. ಚೆಂಡನ್ನು ಸರಿಯಾಗಿಯೇ ಎತ್ತಿ ಹೊಡೆದು, ಎರಡು ಸಲ ನೆಲ ಮುಟ್ಟಿತು ಎಂಬಂತೆ ತಾನೇ “ನಾಟ್ ಅಪ್” ಎಂದು ಕೂಗಿಬಿಡುತ್ತಿದ್ದ. ಬೇಕೆಂದೇ ಚೆಂಡು ತಪ್ಪಿಸಿದರೆ ಆಟಕ್ಕೆ ಅವಮಾನ, ಬಾಯಲ್ಲಿ ಸೋತರೆ ಯಾರಿಗೂ ನಷ್ಟವಿಲ್ಲ ಎನ್ನುವುದು ಅವನ ವಾದ.

ಆದರೆ ಕತ್ತಿ ಹಾಕಿದ ದಿನ ನಮ್ಮವರು ಸುಳ್ಳಾಡುವಂತಿಲ್ಲ, ಪೊಯ್ ಬಾಯಿಗೆ ಬರಬಾರದು. ಹಾಗಾಗಿ ಮಾವ ಅಂದು ಕ್ಲಬ್ಬಿನ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ವರ್ಷ ಅದೇ ದಿನ ಮಿಲ್ಲಿನ ಇಂಜಿನಿಯರ್ ದೊರೆ ಜವಾನನನ್ನು ಅಟ್ಟಿ ಕರೆಸಿದ. ನಾನು ರಜೆಯಲ್ಲಿ ಬಂದಿದ್ದೆ. ಮಾವನ ಎದೆಯ ಗಾಯ ಇನ್ನೂ ಒಸರುತ್ತಿದ್ದುದರಿಂದ ಜೊತೆಗೆ ಹೋದೆ.

ಅಂಕಣದ ಮೇಲಿನ ಗ್ಯಾಲರಿಯಲ್ಲಿ ನಾನೊಬ್ಬನೇ. ಮಾವನ ಬಿಳಿ ಅಂಗಿ ಗಾಯಕ್ಕೆ ಹಚ್ಚಿದ ಅರಿಶಿನ ಕುಡಿದು, ಆಮೇಲೆ ರಕ್ತ ಕುಡಿಯಿತು. ದೊರೆ ಮೊಣಕೈಯಿಂದ ತಿವಿದ, ಬೆನ್ನಿಗೇ ಗುರಿಯಿಟ್ಟು ಚೆಂಡು ಹೊಡೆದ. ಇಬ್ಬರೂ ಎರಡೆರಡು ಗೇಮ್ ಗೆದ್ದರು. ಐದನೆಯದರ ಕೊನೆಯ ಚೆಂಡನ್ನು ದೊರೆ ಮುಂದಿನ ಗೋಡೆಯ ಬುಡದಲ್ಲಿ ಇಳಿಸಿದ. ಮಾವ ನುಗ್ಗಿ ಎತ್ತಿದ. ಚೆಂಡು ಗೋಡೆಗೆ ಬಡಿದು ಮೂಲೆಯಲ್ಲಿ ಸತ್ತು ಬಿತ್ತು. ದೊರೆ ಎಂದಿನ ಕೂಗಿಗಾಗಿ ಕಾದು ನಿಂತ.

“ಗೇಮ್ ಟು ಮಾರ್ಕರ್, ಸಾರ್.”

ದೊರೆ ತಲೆಯೆತ್ತಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ, ಇವನು ಎತ್ತುವ ಮೊದಲು ಚೆಂಡು ಎಷ್ಟು ಸಲ ಪುಟಿಯಿತು? ಒಂದೇ ಸಲ. ನಾನು ಕಂಡಿದ್ದೆ. ಖಚಿತವಾಗಿ ಹೇಳಲಾರೆ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದೆ.

ದೊರೆಯ ಮೊದಲ ಏಟು ಮಾವನ ಮಣಿಕಟ್ಟಿಗೆ ಬಿತ್ತು. ರ‍್ಯಾಕೆಟ್ಟಿನ ಚೌಕಟ್ಟು ಮುರಿದ ಮೇಲೆ ದೊರೆ ಉಳಿದ ಹಿಡಿಯಿಂದ ಹೊಡೆದ. ನಾನು ಇಳಿದು ಹೋಗುವಷ್ಟರಲ್ಲಿ ಎಷ್ಟು ಏಟುಗಳಾದವೋ ತಿಳಿಯದು. ಮೂಳೆ ಚರ್ಮ ಹರಿದು ಹೊರಬಂದಿತ್ತು.

ಜಟಕಾದಲ್ಲಿ ಆ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ನಾಟ್ ಅಪ್ ಅಂದುಬಿಡಬಾರದಿತ್ತೇ ಎಂದು ಬೈದೆ.

“ಬೆಳಗ್ಗೆ ತಾಯ್ಗೆ ರತ್ತ ಕೊಟ್ಬುಟ್ಟು ಸಾಯಂಕಾಲ ಪೊಯ್ ಹೇಳಾದಾ, ಮಾಪ್ಳೆ?”

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ರ‍್ಯಾಕೆಟ್ಟೂ ಹೋಯಿತು, ಮಗ್ಗವೂ ಹೋಯಿತು. ಮರುವರ್ಷ ಪಲ್ಲಡದಲ್ಲಿ ಅವನನ್ನು ಕಂಡದ್ದೇ ಕೊನೆ. ಮುಂದಿನ ಮಳೆಗಾಲಕ್ಕೆ ಜ್ವರದಲ್ಲಿ ತೀರಿಕೊಂಡ. ಆ ಕೊನೆಯ ಸಲ ಕಂಡಾಗ ಹೆಂಗಸರ ನಡುವೆ ಕೂತು ಎಡಗೈಯಲ್ಲಿ ರಾಟೆ ತಿರುಗಿಸುತ್ತಾ ನೂಲು ಸುತ್ತುತ್ತಿದ್ದ.

“ಕೋಪ ಇಲ್ಲ, ಮಾಪ್ಳೆ,” ಎಂದ. “ಆ ದೊರೆ ನನ್ ಬೆನ್ನ್ ಹಿಂದ್ ಇದ್ದ, ಅವನ್ಗೆ ಕಾಣ್ಲಿಲ್ಲ. ನಿನ್ಗೆ ಕಂಡಿತ್ತಲ್ಲಾ?”

“ನೆನಪಿಲ್ಲ ಮಾವ,” ಎಂದೆ.

ಮಾವ ನನ್ನನ್ನೇ ನೋಡಿದ. ಆಮೇಲೆ ದೊರೆಗಳಿಗೆ ಬಾಯಲ್ಲಿ ಸೋಲುತ್ತಿದ್ದ ಕ್ಲಬ್ಬಿನ ಆ ಹಳೆಯ ದನಿಯಲ್ಲಿ “ನಾಟ್ ಅಪ್” ಎಂದು ಕೂಗಿ ರಾಟೆಯ ಕಡೆ ತಿರುಗಿದ.