ನೈಟ್ರೋಜನ್ ನಾಗರಾಜಪ್ಪ

“ನನ್ನ ಕಾರಿನ ಟೈರಿನಾಗೆ ಇರೋದು ನೈಟ್ರೋಜನ್. ಆರು ತಿಂಗಳು ಅದರ ಕಡೆ ತಿರುಗಿ ನೋಡೋ ಹಂಗಿಲ್ಲ!”

ಈ ಮಾತನ್ನು ನಾಗರಾಜಪ್ಪನವರು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಎಷ್ಟು ಸಲ ಹೇಳಿದ್ದಾರೆಂದರೆ, ಅವರ ಬೀದಿಯ ನಾಯಿಗಳೂ ಆ ಟೈರಿಗೆ ಕಾಲೆತ್ತುವುದಿಲ್ಲ. ಮರ್ಯಾದೆಯಿಂದ ಪಕ್ಕದ ಮನೆಯ ಸ್ಕೂಟರಿನ ಕಡೆ ಹೋಗುತ್ತವೆ.

ಹುಟ್ಟಿದ್ದು ಶಾಮನೂರಿನಲ್ಲಿ. ನಲವತ್ತು ವರ್ಷ ಮೆಕ್ಕೆಜೋಳದ ದಲಾಲಿ. ಒಂದು ಕಾಳನ್ನು ಹಲ್ಲಲ್ಲಿ ಕಡಿದು “ತೇವ ಹದಿನಾಲ್ಕು” ಎಂದರೆ ಮುಗಿಯಿತು. ಯಂತ್ರ ಹದಿನೈದು ತೋರಿಸಿದರೆ ಯಂತ್ರವೇ ನಾಚಿಕೊಂಡು ತಿದ್ದಿಕೊಳ್ಳುತ್ತಿತ್ತು. ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟ ಮೇಲೆ ಆ ವಿದ್ಯೆ ಕಾಲಿಗೆ ಇಳಿಯಿತು. ಟೈರಿಗೆ ಒಂದು ಒದೆ ಕೊಟ್ಟು, ಒಳಗೆ ಒತ್ತಡ ಎಷ್ಟಿದೆಯೆಂದು ಹೇಳತೊಡಗಿದರು. ನೈಟ್ರೋಜನ್ ಅಂಗಡಿಯವನು “ಎಷ್ಟು ಹಾಕ್ಲಿ?” ಎಂದಾಗ ಟೈರಿನ ಮೈಮೇಲಿದ್ದ ಅಂಕಿ ಓದಿ “ನಲವತ್ನಾಲ್ಕು” ಎಂದು ಅಪ್ಪಣೆ ಕೊಟ್ಟರು. ಅಂದಿನಿಂದ ಕಾರು ಓಡಲಿಲ್ಲ, ಪುಟಿಯಿತು. ಚಕ್ರದಡಿ ಕಡಲೆಕಾಳು ಸಿಕ್ಕರೂ ಹಿಂದೆ ಕೂತ ಹೆಂಡತಿ ಅನ್ನಪೂರ್ಣಮ್ಮನವರ ತಲೆ ಕಾರಿನ ಚಾವಣಿಗೆ ನಮಸ್ಕಾರ ಹಾಕುತ್ತಿತ್ತು.

ಕಳೆದ ತಿಂಗಳು ನಂದಿಗುಡಿಯಲ್ಲಿ ನಾಗರಾಜಪ್ಪನವರ ತಂಗಿ ಕಮಲಕ್ಕನ ಗೃಹಪ್ರವೇಶ. ಹತ್ತೂವರೆಯೊಳಗೆ ಹೊಸ ಒಲೆಯ ಮೇಲೆ ಹಾಲುಕ್ಕಬೇಕು. ಹಾಲು, ಪಾತ್ರೆ ಎರಡೂ ತವರಿನಿಂದಲೇ ಬರಬೇಕು. ತಡವಾದರೆ ಹತ್ತು ಜನ್ಮ ಅಣ್ಣನ ಮುಖ ನೋಡುವುದಿಲ್ಲವೆಂದು ಕಮಲಕ್ಕ ಫೋನಿನಲ್ಲಿ ಮೊದಲೇ ತಿಳಿಸಿದ್ದರು. ಹೊರಡುವಾಗ ನಾಗರಾಜಪ್ಪನವರು ನಾಲ್ಕೂ ಟೈರಿಗೆ ಒದ್ದು “ನಲವತ್ನಾಲ್ಕು!” ಎಂದರು. ಹರಿಹರ ಮುಟ್ಟುವಷ್ಟರಲ್ಲಿ ಕಾರು ಎಡಕ್ಕೆ ವಾಲಿ, ಹಾಲು ಅನ್ನಪೂರ್ಣಮ್ಮನವರ ರೇಷ್ಮೆ ಸೀರೆಯ ಮೇಲೆಯೇ ಗೃಹಪ್ರವೇಶ ಮಾಡುವ ಅಂದಾಜಿನಲ್ಲಿತ್ತು. ಗಂಟೆ ಒಂಬತ್ತೂ ಮುಕ್ಕಾಲು.

ರಸ್ತೆ ಪಕ್ಕದಲ್ಲೇ ಉಚ್ಚಂಗಮ್ಮನ ಪಂಕ್ಚರ್ ಅಂಗಡಿ. ಆಕೆ ಹಿಂದಿನ ಟೈರಿಗೆ ಮೀಟರ್ ಒತ್ತಿದಳು.

“ಹದಿನಾರು ಐತ್ರಿ ಯಜಮಾನ್ರೇ. ವಾಲ್ವ್ ಸೋರ್ತೈತೆ. ಬದಲಿಸಿ ಗಾಳಿ ಹಾಕ್ತೀನಿ.”

“ಗಾಳಿನಾ? ಬ್ಯಾಡ! ಒಳಗೆ ನೈಟ್ರೋಜನ್ ಐತೆ, ಬೆರಕೆ ಆದ್ರೆ ಕೆಡ್ತೈತೆ. ದಾವಣಗೆರಿಗೆ ವಾಪಸ್ ಹೋಗಿ ಹಾಕಿಸ್ತೀನಿ.”

“ಹೋಗ್ರಿ. ಟೈರಿಲ್ದೆ ಬರೀ ರಿಮ್ ಮ್ಯಾಲೆ ಮುಟ್ತೀರಿ. ನಾವು ಉಸಿರಾಡೋ ಗಾಳಿನಾಗೇ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್ ಐತ್ರಿ. ಬೆರೆತ್ರೆ ಏನೂ ಆಗಂಗಿಲ್ಲ.”

“ಅಂದ್ರೆ ನಾನು ಹುಟ್ಟಿದಾಗಿಂದ ಪುಕ್ಕಟೆ ಎಳ್ಕೊಳ್ಳೋದನ್ನ ಇವ್ರು ದುಡ್ಡು ಕೊಟ್ಟು ಟೈರಿಗೆ ಕುಡಿಸ್ಯಾರೆ!” ಎಂದರು ಅನ್ನಪೂರ್ಣಮ್ಮ. “ಹಾಕವ್ವ ತಾಯಿ, ಲಗೂನ.”

ನಾಗರಾಜಪ್ಪನವರು ಗಡಿಯಾರ ನೋಡಿ ಮೆತ್ತಗಾದರು. “ಆತು, ಹಾಕು. ನಲವತ್ನಾಲ್ಕು!”

“ಅದು ಟೈರು ತಡಿಯೋ ಮಿತಿ ರೀ. ನಿಮ್ಮ ಕಾರಿಗೆ ಎಷ್ಟು ಬೇಕು ಅಂತ ಬಾಗಿಲ ಸಂದಿನಾಗೆ ಬರ್ದಿರ್ತೈತೆ.”

ಬಾಗಿಲು ತೆಗೆದರೆ, ಅಲ್ಲಿ ಆರು ಆಯುಧಪೂಜೆಗಳ ವಿಭೂತಿ, ಅರಿಶಿನ, ಕುಂಕುಮ ಪದರಪದರವಾಗಿ ಕೂತಿತ್ತು. ಅಗೆದರೆ ಹೊಯ್ಸಳರ ಕಾಲದ ಶಾಸನವೇ ಸಿಗಬಹುದಿತ್ತು. ಉಚ್ಚಂಗಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ಅಡಿಯಿಂದ ಕಾರು ಕಂಪನಿಯ ಚೀಟಿ ಮುಖ ತೋರಿಸಿತು: ಮೂವತ್ಮೂರು; ಕಾರು ತುಂಬ ಜನ, ಸಾಮಾನು ಇದ್ದರೆ ಹಿಂದಿನ ಟೈರಿಗೆ ಮೂವತ್ತಾರು. ನಾಗರಾಜಪ್ಪನವರು ಆರು ವರ್ಷ ತಪ್ಪದೆ ಪೂಜಿಸಿದ್ದ ದೇವರು ಇದೇ. ದರ್ಶನವಾಗಿದ್ದು ಮಾತ್ರ ಇವತ್ತು.

ಆಕೆ ವಾಲ್ವ್ ಬದಲಿಸಿ ಗಾಳಿ ತುಂಬಿದಳು. ಮಿಕ್ಕ ಮೂರರಿಂದ ಹೆಚ್ಚಿನದನ್ನು ಬಿಟ್ಟಳು. “ಟೈರು ಬಿಸಿ ಐತೆ, ಅದಕ್ಕ ಎರಡು ಜಾಸ್ತಿ ಇಟ್ಟೀನಿ. ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೆ ನೋಡಿಸ್ರಿ. ಆಮ್ಯಾಲೆ ತಿಂಗಳಿಗೊಂದು ಸಲ. ಒದ್ದು ಅಲ್ಲ, ಮೀಟರ್ ಹಾಕಿ.”

ಕಾರು ಬೆಣ್ಣೆಯ ಮೇಲೆ ಜಾರಿದಂತೆ ನಂದಿಗುಡಿಗೆ ಹೋಯಿತು. ಮುಹೂರ್ತ ಮುಗಿಯಲು ಎರಡು ನಿಮಿಷ ಇರುವಾಗ ಹಾಲುಕ್ಕಿತು. ಆದರೆ ಹಾಲಿಗಿಂತ ಮೊದಲು ಅನ್ನಪೂರ್ಣಮ್ಮನವರ ಬಾಯಿಂದ ಸುದ್ದಿ ಉಕ್ಕಿಬಿಟ್ಟಿತ್ತು. ಊಟದ ಪಂಕ್ತಿಯಲ್ಲಿ ಕಮಲಕ್ಕ ಊರಿಗೇ ಕೇಳಿಸುವಂತೆ ಕೇಳಿದರು:

“ಏನಣ್ಣಾ, ಹರಿಹರದಾಗೆ ಬರೀ ಗಾಳಿ ಹಾಕಿಸ್ಕೊಂಡು ಬಂದ್ಯಂತೆ?”

ಇಡೀ ಪಂಕ್ತಿ ಊಟ ನಿಲ್ಲಿಸಿತು. ನಾಗರಾಜಪ್ಪನವರು ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಡಿಸಿಕೊಂಡು, ತಲೆಯೆತ್ತಿದರು.

“ಬರೀ ಗಾಳಿ ಅಲ್ಲ ಕಣವ್ವಾ, ಜವಾರಿ ನೈಟ್ರೋಜನ್. ದಾವಣಗೆರಿಯಾಗೆ ಸಿಗೋದೆಲ್ಲಾ ಹೈಬ್ರಿಡ್ಡು!”